ಚನ್ನಾಜಮ್ಮನ ಹೆಸರು ಹೊತ್ತೊಯ್ದವರು

"ನಮ್ಮ ಹೆಸರು ಕಳುವಾಗಿದೆ ಮೇಡಂ," ಎಂದಳು ಆಕೆ, ಕುರ್ಚಿಯಲ್ಲಿ ಕೂರುವುದಕ್ಕೂ ಮೊದಲೇ.

ಮಾಲಿನಿ ಮೇಡಂ ಮೊರದಲ್ಲಿ ಅವರೆಕಾಯಿ ಹರಡಿಕೊಂಡು ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ. "ಹೆಸರು ಕಳಕೊಂಡವರನ್ನ ಕೊಳ್ಳೇಗಾಲದಲ್ಲಿ ಬೇಕಾದಷ್ಟು ನೋಡಿದ್ದೀನಮ್ಮ. ಕಳುವಾಯ್ತು ಅಂತ ಬಂದವಳು ನೀನೇ ಮೊದಲು. ಸ್ಟೇಷನ್ನಿಗೆ ಯಾಕೆ ಹೋಗ್ಲಿಲ್ಲ?"

"ಸ್ಟೇಷನ್ನಿಗೆ ಹೋದ್ರೆ ಮನೆ ಮಾತು ಬೀದಿಗೆ ಬರುತ್ತೆ. ಕದ್ದಿರೋದು ಮನೆಯವರೇ ಅಂತ ನನಗೆ ಅನುಮಾನ."

ಮೇಡಂ ಮೊರವನ್ನು ನನ್ನ ಕಡೆ ತಳ್ಳಿದರು. ಅಂದರೆ ಮಿಕ್ಕ ಕಾಯಿ ನಾನು ಸುಲಿಯಬೇಕು, ಅವರು ಕೇಸು ಕೇಳುತ್ತಾರೆ ಎಂದು ಅರ್ಥ. ಮೂವತ್ತು ವರ್ಷ ಅವರು ಇಲ್ಲಿನ ಕೋರ್ಟಿನಲ್ಲಿ ಕ್ರಿಮಿನಲ್ ವಕೀಲಿಕೆ ಮಾಡಿದರು. ವಾಯಿದೆಗಳಿಗೆ ರೋಸಿಹೋಗಿ ಒಂದು ದಿನ ಕರಿಕೋಟು ಮಡಚಿಟ್ಟು ಮನೆಗೆ ಬಂದರು. ಗುಮಾಸ್ತನಾಗಿದ್ದ ನನಗೆ, ಅಂದರೆ ಉದಯಕುಮಾರನಿಗೆ, ಬೇರೆ ಕಡೆ ಹೋಗು ಎಂದರು. ನಾನು ಹೋಗಲಿಲ್ಲ. ಊರಿನವರೂ ಅವರ ಬಾಗಿಲು ತಟ್ಟುವುದನ್ನು ಬಿಡಲಿಲ್ಲ.

ಬಂದವಳ ಹೆಸರು ಕೋಮಲ. ಹನೂರು ತಾಲ್ಲೂಕಿನ ಶಾಗ್ಯದ ಸೊಸೆ. ಮನೆಯಲ್ಲಿ ಹಿಪ್ಪುನೇರಳೆ ತೋಟ, ರೇಷ್ಮೆಹುಳದ ಸಾಕಣೆ. ಗಂಡ ಗುರುಪಾದಸ್ವಾಮಿ ತೋಟ ನೋಡಿಕೊಳ್ಳುತ್ತಾನೆ. ಈಕೆ ಕೊಳ್ಳೇಗಾಲದ ಮೂರು ಮಗ್ಗದ ಮನೆಗಳಲ್ಲಿ ಸೀರೆ ನೇಯಿಸಿ, ಇಂಟರ್ನೆಟ್ಟಿನಲ್ಲಿ ಅತ್ತೆ ಚನ್ನಾಜಮ್ಮನ ಹೆಸರಿನಲ್ಲೇ ಮಾರುತ್ತಾಳೆ. ನಾಲ್ಕು ವರ್ಷದಿಂದ ಪ್ರತಿ ಸೀರೆಯ ಜೊತೆ ಆ ಹೆಸರಿನ ವೆಬ್ ವಿಳಾಸದ ಚೀಟಿ ಹೋಗಿದೆ. ದೀಪಾವಳಿಗೆ ಮೂರೂ ಮನೆಯಲ್ಲಿ ಮಗ್ಗ ನಡೆಯುತ್ತಿದೆ. ಈಗ ಆ ವಿಳಾಸ ಒತ್ತಿದರೆ ಸೀರೆ ಇಲ್ಲ, ಯಾವುದೋ ಕಂಪನಿಯ ಜಾಹೀರಾತು.

"ಹಬ್ಬದೊಳಗೆ ಹೆಸರು ಸಿಗದಿದ್ರೆ ಮಗ್ಗ ನಿಲ್ಲುತ್ತೆ ಮೇಡಂ. ಒಂದು ಸಲ ಮಗ್ಗ ನಿಂತ್ರೆ ನೇಯೋರು ನನ್ನ ನಂಬಿ ಮತ್ತೆ ಹೂಡಲ್ಲ."

"ಹೆಸರು ಹೇಗಮ್ಮ ಕಳುವಾಗುತ್ತೆ? ನನಗೆ ಅರ್ಥ ಆಗೋ ಹಾಗೆ ಹೇಳು. ಇಂಗ್ಲಿಷಿನ ಗುಡ್ಡೆ ಹಾಕಬೇಡ."

"ಡೊಮೇನ್ ಅಂದ್ರೆ ಅಂಗಡಿಯ ವಿಳಾಸ ಇದ್ದಂಗೆ. ಅದನ್ನ ಬರೆದಿಟ್ಟುಕೊಳ್ಳೋ ಕಂಪನಿಗಳಿಗೆ ರಿಜಿಸ್ಟ್ರಾರ್ ಅಂತಾರೆ. ಬೇಕಾದಷ್ಟಿವೆ. ಒಂದನ್ನ ಆರಿಸ್ಕೊಂಡು ವರ್ಷವರ್ಷ ದುಡ್ಡು ಕಟ್ಟಬೇಕು. ಯಾರ ಖಾತೆಯಲ್ಲಿದೆಯೋ ಹೆಸರು ಅವರದು. ಕಂಪ್ಯೂಟರ್ ಅಂಗಡಿ ಗುರುಪ್ರಕಾಶ್ ನಮ್ಮ ಹೆಸರನ್ನ ಅವನ ಖಾತೆಯಲ್ಲೇ ಹಾಕಿಬಿಟ್ಟಿದ್ದ."

"ಹಸು ನಿಮ್ಮದು, ಕಟ್ಟಿರೋದು ಅವನ ಕೊಟ್ಟಿಗೇಲಿ."

"ಹೂಂ ಮೇಡಂ. ಅದಕ್ಕೇ ನನ್ನದೇ ಖಾತೆಗೆ ತರೋಣ ಅಂದೆ. ಯಾವ ಕಂಪನಿ ಅನ್ನೋದಕ್ಕೆ ಗೌರಿ ಹಬ್ಬದ ದಿನ ಮನೇಲಿ ಪಂಚಾಯ್ತಿನೇ ಆಯ್ತು."

ಆ ಪಂಚಾಯ್ತಿಯ ಕತೆ ಕೇಳಿಯೇ ನನಗೆ ತಲೆನೋವು ಬಂತು. ಗುರುಪ್ರಕಾಶ್, "ನನ್ನ ಹತ್ರಾನೇ ಇರಲಿ, ಏನು ಕಷ್ಟ?" ಎಂದನಂತೆ. ಗಂಡ, "ಯಾವುದಾದ್ರೂ ಹಾಕು, ಹುಳಕ್ಕೆ ಸೊಪ್ಪು ಹಾಕಬೇಕು," ಎಂದು ಎದ್ದುಹೋದನಂತೆ. ಗಂಡನ ದೊಡ್ಡಪ್ಪನ ಮಗ, ಕೊಳ್ಳೇಗಾಲದಲ್ಲಿ ರೇಷ್ಮೆ ಅಂಗಡಿ ಇಟ್ಟಿರುವ ಬಸವಕುಮಾರ್, ಝಿಪ್ಪಿನೇಮ್ ಎಂಬ ಕಂಪನಿಯನ್ನು ಬಾಯ್ತುಂಬ ಹೊಗಳಿದನಂತೆ. ಕ್ರಿಕೆಟ್ ನಡುವೆ ಜಾಹೀರಾತು ಬರುತ್ತದೆ, ಮೊದಲ ವರ್ಷ ಪುಕ್ಕಟೆಯ ಹಾಗೆ, ಅವನ ಅಂಗಡಿಯ ಹೆಸರೂ ಅಲ್ಲೇ ಇದೆ. ಯಳಂದೂರಿಗೆ ಕೊಟ್ಟಿರುವ ಗಂಡನ ಅಕ್ಕ ಶಿವರಂಜನಿ ಬಾಗಿನಕ್ಕೆ ಬಂದವಳು ಒಂದು ಮಾತೂ ಆಡದೆ ಕೇಳುತ್ತ ಕೂತಿದ್ದಳಂತೆ.

"ಕೊನೆಗೆ ನೀನು ಯಾವುದು ಆರಿಸಿದೆ?"

"ಯಾರಿಗೂ ಹೇಳದೆ ಚೆನ್ನೈನ ಒಂದು ಸಣ್ಣ ಕಂಪನಿ. ಫೋನ್ ಮಾಡಿದ್ರೆ ಮನುಷ್ಯರು ಎತ್ತುತ್ತಾರೆ. ಮೊದಲ ವರ್ಷ ಎಷ್ಟೋ ಎರಡನೇ ವರ್ಷವೂ ಅಷ್ಟೆ."

"ಬುದ್ಧಿವಂತೆ. ಮುಂದೆ?"

ಹೆಸರನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಸಾಗಿಸಲು ಒಂದು ಕೋಡ್ ಬೇಕು. ಅದು ಯಾರ ಕೈಗೆ ಮೊದಲು ಸಿಕ್ಕಿತೋ ಅವರು ತಮ್ಮ ಖಾತೆಗೆ ಎಳೆದುಕೊಳ್ಳಬಹುದು. ಗುರುಪ್ರಕಾಶ್ ಇವತ್ತು ನಾಳೆ ಎಂದು ಸತಾಯಿಸಿ, ಕೊನೆಗೆ ಹುಳ ಹಣ್ಣಾದ ದಿನವೇ ಕೋಡನ್ನು ಕೋಮಲಳ ಫೋನಿಗೆ ಕಳಿಸಿದ. ಮಹಾಲಯ ಅಮಾವಾಸ್ಯೆ ಕಳೆದು ಮೂರನೆಯ ದಿನ ಅದು.

ಹುಳ ಹಣ್ಣಾಯಿತೆಂದರೆ ಗೂಡು ಕಟ್ಟಲು ಸಿದ್ಧವಾಯಿತು ಎಂದು. ಒಂದೊಂದಾಗಿ ಆಯ್ದು ಬಿದಿರಿನ ತಟ್ಟಿಗೆ, ಅಂದರೆ ಚಂದ್ರಿಕೆಗೆ, ಬಿಡಬೇಕು. ಅವತ್ತು ಮನೆಯವರಿಗೆ ಉಸಿರಾಡಲೂ ಬಿಡುವಿರುವುದಿಲ್ಲ. ಶಾಗ್ಯದ ಆ ಮನೆಯಲ್ಲಿ ಹುಳದ ಮನೆಯೊಳಗೆ ಫೋನ್ ತರುವಂತಿಲ್ಲ. ಎಲ್ಲರ ಫೋನೂ ಹೊರಗೆ ಜಗಲಿಯ ಗೋಡೆಯ ಗೂಡಿನಲ್ಲಿ.

"ಫೋನಿಗೆ ಬೀಗ ಇರಲಿಲ್ವ?"

"ಇತ್ತು ಮೇಡಂ. ಆದ್ರೆ ಮೆಸೇಜು ಬಂದ ತಕ್ಷಣ ಪರದೆ ಮೇಲೆ ಕಾಣುತ್ತಲ್ಲ. ಪಕ್ಕದಲ್ಲಿ ನಿಂತವರು ಓದ್ಕೋಬಹುದು. ಸುಸ್ತಾಗಿ ನಾನು ಮಾರನೇ ದಿನ ಕೂತೆ. ಚೆನ್ನೈನವರು, 'ನಿಮ್ಮ ಹೆಸರು ಆಗಲೇ ಬೇರೆ ಕಡೆ ಹೊರಟಿದೆ,' ಅಂದ್ರು. ಆಮೇಲೆ ಹುಡುಕಿದ್ರೆ ಝಿಪ್ಪಿನೇಮ್ ಅಂತ ತೋರಿಸುತ್ತೆ. ಖಾತೆ ಯಾರದು ಅನ್ನೋದು ಮುಚ್ಚಿಟ್ಟಿದ್ದಾರೆ. ಅವತ್ತು ಬಸವಕುಮಾರ್ ಬಾವ ಚಂದ್ರಿಕೆ ತಂದು ಅಂಗಳದಲ್ಲಿ ಇಳಿಸಿ ಹೋದ್ರು. 'ಈ ಹೆಸರು ನನಗೆ ಕೊಡು, ನನ್ನ ಅಂಗಡೀಲೇ ಮಾರ್ತೀನಿ,' ಅಂತ ಎಷ್ಟು ಸಲ ಕೇಳಿದ್ದಾರೆ! ಕಂಪನಿನೂ ಅವರು ಹೊಗಳಿದ್ದೇ. ಇನ್ಯಾರು?"

"ಅವತ್ತು ಮನೆಯವರು?"

ಕೋಮಲ ನನ್ನ ಕಡೆ ಒಮ್ಮೆ ನೋಡಿ, ಮತ್ತೆ ಮೇಡಂ ಕಡೆ ತಿರುಗಿದಳು. "ಮನೆಯವರು ಕೆಲಸದಲ್ಲಿದ್ವಿ."

ಅವಳು ಹೋದ ಮೇಲೆ ಝಿಪ್ಪಿನೇಮಿಗೆ ಫೋನ್ ಮಾಡುವ ಭಾಗ್ಯ ನನ್ನದಾಯಿತು. ಮೊದಲು ವೀಣೆ ನುಡಿಸಿದರು. ಆಮೇಲೆ ನನ್ನ ಕರೆ ಅವರಿಗೆ ಅಮೂಲ್ಯವೆಂದು ಒಂದು ಯಂತ್ರ ಹೇಳಿತು. ಮತ್ತೆ ವೀಣೆ. ಅವರೆಕಾಯಿ ಮುಗಿದು, ಹಿದುಕಿ, ಸಾರಿಗೆ ಹಾಕಿದರೂ ಅದೇ ವೀಣೆ. ಕೊನೆಗೆ ಒಬ್ಬ ಮನುಷ್ಯ ಸಿಕ್ಕಿ, ಖಾತೆಯ ಒಡೆಯರೇ ಮಾತಾಡಬೇಕು ಎಂದ. "ಒಡೆಯರು ಯಾರಂತ ಗೊತ್ತಿದ್ದರೆ ನಿನಗ್ಯಾಕಪ್ಪ ಫೋನ್ ಮಾಡ್ತಿದ್ದೆ?" ಎಂದೆ. ಸೇವೆ ಹೇಗಿತ್ತೆಂದು ಅಂಕ ಕೊಡಲು ಹೇಳಿ ಇಟ್ಟುಬಿಟ್ಟ.

"ಬಿಡು ಉದಯ," ಎಂದರು ಮೇಡಂ. "ಕಳ್ಳ ತನ್ನ ಹೆಸರು ಮುಚ್ಚಿಟ್ಟಿದ್ದಾನೆ. ಆದರೆ ಯಾವ ಕಂಪನಿ ಆರಿಸಿದ ಅನ್ನೋದು ಬಿಟ್ಟುಹೋಗಿದ್ದಾನೆ. ಒಬ್ಬ ಮನುಷ್ಯ ಅಂಗಡಿ ಆರಿಸೋದರಲ್ಲಿ ಅವನು ಯಾರು ಅನ್ನೋದು ಅರ್ಧ ಗೊತ್ತಾಗುತ್ತೆ."

ಮಾರನೆಯ ದಿನ ಬಸವಕುಮಾರನ ಅಂಗಡಿಗೆ ಹೋದೆವು. ಗುರುಪ್ರಕಾಶನ ಕಂಪ್ಯೂಟರ್ ಅಂಗಡಿ ಅದರ ಮಹಡಿಯ ಮೇಲೇ. ಝಿಪ್ಪಿನೇಮ್ ಎಂಬ ಹೆಸರು ನನ್ನ ಬಾಯಿಂದ ಬಿದ್ದದ್ದೇ ತಡ, ಬಸವಕುಮಾರ್ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದ.

"ಆ ದರಿದ್ರದ ಸುದ್ದಿ ಎತ್ತಬ್ಯಾಡಿ ಮೇಡಂ! ಮೊದಲನೇ ವರ್ಸ ಸಸ್ತಾ ಅಂದ್ರು. ಎರಡನೇ ವರ್ಸಕ್ಕೆ ನನ್ನ ಕೇಳ್ದೆ ಗೀಳ್ದೆ ಬ್ಯಾಂಕಿಂದ ಮೂರು ಪಟ್ಟು ಎಳಕೊಂಡ್ರು. ಪೋನ್ ಮಾಡುದ್ರೆ ಪಿಟೀಲು!"

"ನಮಗೆ ವೀಣೆ," ಎಂದೆ ನಾನು.

"ಅಮಾಸೆಗೆ ಬೆಟ್ಟಕ್ಕೆ ಓಗಿದ್ನಲ್ಲ, ಮಾದಪ್ಪನ ಮುಂದೆ ಕರ್ಪೂರ ಮುಟ್ಟಿ ಆಣೆ ಮಾಡಿವ್ನಿ. ಇನ್ನು ನನ್ನ ಜಲ್ಮದಲ್ಲಿ ಆ ಕಂಪ್ನಿಗೆ ಒಂದು ರೂಪಾಯಿ ಕೊಡಕಿಲ್ಲ ಅಂತ. ಬೇಕಾದ್ರೆ ಪ್ರಕಾಸನ್ನೇ ಕೇಳಿ, ಕಾರು ಓಡ್ಸಿದ್ದೋನು ಅವ್ನೇ."

ಮಹಡಿ ಮೆಟ್ಟಿಲ ಮೇಲೆ ನಿಂತಿದ್ದ ಗುರುಪ್ರಕಾಶ್ ಹಲ್ಲು ಕಿರಿದ. "ಮಲೆ ಮಹದೇಶ್ವರನಿಗೂ ಕಸ್ಟಮರ್ ಕೇರ್ ಕಂಪ್ಲೇಂಟ್ ಕೊಟ್ಟೋನು ಇವನೊಬ್ಬನೇ ಸಾ. ಪೂಜೆಯೋರು ಕಕ್ಕಾಬಿಕ್ಕಿ. ನಾನು ಮೊದಲೇ ಹೇಳಿದ್ದೆ, ಅದು ಬಲೆ ಕಣ್ಲಾ, ಬೀಳಬೇಡ ಅಂತ."

"ನೀನೇನು ಕಡಿಮೆ? ಆ ಹುಡುಗಿ ಹೆಸರು ನಿನ್ನ ಖಾತೇಲಿ ಇಟ್ಕೊಂಡಿದ್ದೆಯಲ್ಲ," ಎಂದರು ಮೇಡಂ. ಅವನ ಹಲ್ಲು ಒಳಗೆ ಹೋಯಿತು.

ಮೇಡಂ ಕಣ್ಸನ್ನೆ ಮಾಡಿದರು. ನಾನು ಫೋನಿನಲ್ಲಿ ಬಸವಕುಮಾರನ ಅಂಗಡಿಯ ಹೆಸರು ಹುಡುಕಿದೆ. ಅದು ಝಿಪ್ಪಿನೇಮಿನಲ್ಲಿ ಇರಲಿಲ್ಲ. ಬೇರೆ ಕಂಪನಿಗೆ ಹೋಗಿತ್ತು. ಮೇಡಂಗೆ ತೋರಿಸಿದೆ. ಅವರು ಉಸ್ಸೆಂದರು.

ಅಲ್ಲಿಂದ ಶಾಗ್ಯಕ್ಕೆ ಬಸ್ಸು ಹತ್ತಿದೆವು. ಹನೂರು ಕಡೆ ಹೋಗುವ ಬಸ್ಸಿನಲ್ಲಿ ಬೆಟ್ಟದ ಭಕ್ತರೇ ಅರ್ಧ. ಕೂರಲು ಜಾಗವಿಲ್ಲದೆ ಮೇಡಂ ದಾರಿಯುದ್ದಕ್ಕೂ ಝಿಪ್ಪಿನೇಮನ್ನು ಶಪಿಸಿದರು, ಅವರೇ ಬಸ್ಸು ತುಂಬಿಸಿದರೇನೋ ಎಂಬಂತೆ.

ಚನ್ನಾಜಮ್ಮ ಹುಳದ ಮನೆಯ ಮುಂದೆ ಚಂದ್ರಿಕೆ ಒಣಗಿಸುತ್ತಿದ್ದರು. ಹಣೆಯ ಮೇಲೆ ವಿಭೂತಿ, ಸೊಂಟದಲ್ಲಿ ಎಲೆಯಡಿಕೆ ಚೀಲ. ಹೊಸ್ತಿಲಲ್ಲಿ ಸುಣ್ಣ, ಬ್ಲೀಚಿಂಗ್ ಪೌಡರ್ ಚೆಲ್ಲಿದ್ದರು. ಪಕ್ಕದ ಜಗಲಿಯ ಗೋಡೆಯಲ್ಲಿ ಆ ಗೂಡು.

"ಹುಳ ಅಂದ್ರೆ ಬಾಣಂತಿ ಕೂಸು ಕಣವ್ವ," ಎಂದರು ಅಜ್ಜಿ. "ಹಣ್ಣುಹುಳ ಆಯೋಕೆ ಕೂತ್ರೆ ಮುಗೀಗಂಟ ಏಳಂಗಿಲ್ಲ. ಒಂದ್ಸಲ ಹೊಸ್ಲು ದಾಟಿ ಆಚೆಗೋದೋರು ಅವತ್ತು ಮತ್ತೆ ಒಳೀಕೆ ಬರಂಗಿಲ್ಲ. ನಮ್ಮತ್ತೆ ಕಾಲದಿಂದ ಇದೇಯ."

"ಅವತ್ತು ಯಾರ್ಯಾರು ಒಳಗಿದ್ರಿ?"

"ನಾನು, ಮಗ, ಸೊಸೆ, ಕೂಲಿಯೋರು ಇಬ್ರು. ಬೆಳಿಗ್ಗೆ ಕೂತೋರು ದೀಪ ಹಚ್ಚೋ ಹೊತ್ತಿಗೆ ಎದ್ವಿ. ಒಬ್ರೂ ಆಚೆಗೆ ಓಗ್ನಿಲ್ಲ."

"ಪಾಪ, ಹಸಕೊಂಡೇ?"

"ಅಯ್ಯೋ ಇಲ್ಲ. ಬಿಸಿಬಿಸಿ ಟೀ ಎಲ್ಡು ಸಲ ಹೊಸ್ಲಿಗೇ ಬಂತು. ಮಧ್ಯಾನ ಉಪ್ಪಿಟ್ಟು." ಅಜ್ಜಿ ಚಂದ್ರಿಕೆ ತಿರುವಿ ಹಾಕಿದರು. "ಗೂಡು ಈ ಸಲ ಬೆಳ್ಳಿ ಹಂಗೆ ಬಂದದೆ. ಮಗಳೂ ಅದೇ ಅಂದ್ಲು. ಅವಳ ಕೈ ಒಳ್ಳೇದು. ಲಗ್ನಕ್ಕೆ ಮುಂಚೆ ಈ ಮನೇಲಿ ಹುಳ ಆಯೋಳು ಅಂದ್ರೆ ಅವ್ಳೇಯ. ಈಗ್ಲೂ ಹುಳ ಹಣ್ಣಾದ್ರೆ ಯಳಂದೂರಿಂದ ಓಡ್ಬತ್ತಾಳೆ."

ನಾನು ಬಸವಕುಮಾರನ ಬಗ್ಗೆ ಕೇಳಬೇಕೆಂದಿದ್ದೆ. ಮೇಡಂ ಎದ್ದೇಬಿಟ್ಟರು. "ಯಳಂದೂರಿಗೆ ಬಸ್ಸು ಹಿಡಿಯೋಣ ನಡಿ."

"ಈಗಲೇ? ಕೊಳ್ಳೇಗಾಲಕ್ಕೆ ವಾಪಸು ಹೋಗಿ ಆ ಕಡೆ ಹೋಗಬೇಕು ಮೇಡಂ. ಊಟ?"

"ನಿನಗೆ ಊಟ. ಆ ಹುಡುಗಿಗೆ ಮೂರು ಮಗ್ಗ."

ಶಿವರಂಜನಿ ಯಳಂದೂರಿನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಳು. ನಲವತ್ತರ ಹೆಂಗಸು, ತಾಯಿಯದೇ ಮೂಗು. ಬ್ಲೌಸು ಹೊಲಿಸುವ ನೆವದಲ್ಲಿ ಮೇಡಂ ಮಾತಿಗೆಳೆದರು.

"ಕೋಮಲ ಎಲ್ಲಾ ಹೇಳಿದ್ಲು," ಎಂದಳು ಆಕೆ, ಟೇಪು ಸುತ್ತುತ್ತ. "ಪಾಪ. ಆದ್ರೆ ಝಿಪ್ಪಿನೇಮ್ ಒಳ್ಳೇ ಕಂಪನಿ ಅಲ್ವ? ಬಸವಣ್ಣ ಅದರಲ್ಲೇ ಇರೋದು. ಮೂರು ಹೊತ್ತೂ ಹೊಗಳ್ತಾನೆ."

"ಈಗಲೂನಾ?"

"ಅವನು ಒಂದು ಹಿಡಿದ್ರೆ ಬಿಡೋನಲ್ಲ."

ಮೇಡಂ ಬ್ಲೌಸಿನ ಬಟ್ಟೆ ಅಲ್ಲೇ ಬಿಟ್ಟು ಬಂದರು. ಅಳತೆಯನ್ನೇ ಕೊಡಲಿಲ್ಲ ಎಂದು ನಾನು ನೆನಪಿಸಿದ್ದಕ್ಕೆ, "ಅಳತೆ ತಗೊಂಡಿದ್ದು ನಾನು," ಎಂದರು.

ಭಾನುವಾರ ಶಾಗ್ಯದ ಮನೆಯ ಜಗಲಿಯ ಮೇಲೆ ಎಲ್ಲರೂ ಸೇರಿದರು. ಬಸವಕುಮಾರ್ ಮುಖ ಊದಿಸಿಕೊಂಡಿದ್ದ. ಕೋಮಲ ಅವನತ್ತ ನೋಡುತ್ತಿರಲಿಲ್ಲ. ಗುರುಪ್ರಕಾಶ್ ಗಡಿಯಾರ ನೋಡುತ್ತಿದ್ದ. ತಾಯಿಗೆ ಬಾಳೆಹಣ್ಣು ತಂದಿದ್ದ ಶಿವರಂಜನಿ ಕಂಬಕ್ಕೆ ಒರಗಿ ಕೂತಳು. ಗುರುಪಾದಸ್ವಾಮಿ ಮಾತ್ರ, "ಬೇಗ ಆಗುತ್ತಾ ಮೇಡಂ? ತೋಟಕ್ಕೆ ನೀರು ಬಿಟ್ಟು ಬಂದಿವ್ನಿ," ಎಂದ.

"ಬೇಗ ಆಗುತ್ತೆ. ವಾಯಿದೆ ಇಲ್ಲ," ಎಂದರು ಮೇಡಂ. "ಕಳ್ಳರು ಎರಡು ಕೆಲಸ ಮಾಡಿದ್ದಾರೆ. ಒಂದು, ಈ ಗೂಡಿನಲ್ಲಿದ್ದ ಫೋನಿನ ಮೇಲೆ ಬಂದ ಕೋಡು ನೋಡಿದ್ದು. ಎರಡು, ಕಂಪನಿ ಆರಿಸಿದ್ದು. ಮೊದಲು ಎರಡನೇದು. ಬಸವಕುಮಾರ್ ಕದ್ದಿದ್ರೆ ಝಿಪ್ಪಿನೇಮಿಗೆ ಹಾಕ್ತಿರಲಿಲ್ಲ."

"ಬಾವನೇ ಅಲ್ವ ಅದನ್ನ ಹೊಗಳಿದ್ದು?" ಎಂದಳು ಕೋಮಲ.

"ಗೌರಿ ಹಬ್ಬದಲ್ಲಿ ಹೊಗಳಿದ. ಅಮಾವಾಸ್ಯೆಯಲ್ಲಿ ಮಾದಪ್ಪನ ಮುಂದೆ ಆಣೆ ಇಟ್ಟು ಬಿಟ್ಟ. ಹುಳ ಕಡೇ ಜ್ವರ ಎದ್ದು, ಅಂದ್ರೆ ಕಡೇ ಪೊರೆ ಕಳಚಿ, ಬಿಡುವಿಲ್ಲದೆ ಸೊಪ್ಪು ತಿನ್ನೋ ಹೊತ್ತು, ನೀವ್ಯಾರೂ ಬೆಟ್ಟಕ್ಕೆ ಹೋಗಲಿಲ್ಲ. ನಿಮಗೆ ಗೊತ್ತಾಗಲಿಲ್ಲ. ಕೋರ್ಟಿನಲ್ಲಿ ಪ್ರಮಾಣ ಮಾಡಿ ಸುಳ್ಳು ಹೇಳೋರನ್ನ ಮೂವತ್ತು ವರ್ಷ ನೋಡಿದ್ದೀನಿ. ಬೆಟ್ಟದ ಆಣೆ ಮುರಿಯೋರನ್ನ ನೋಡಿಲ್ಲ. ಅದೂ ಸಾಲದು ಅಂದ್ರೆ, ಅವನ ಅಂಗಡಿ ಹೆಸರನ್ನೇ ಅಲ್ಲಿಂದ ಕಿತ್ತಿದ್ದಾನೆ. ಉದಯ ನೋಡಿದ್ದಾನೆ."

ಬಸವಕುಮಾರ್ ಮೀಸೆ ತಿರುವಿದ. "ಕೇಳ್ಕೋ ಕೋಮ್ಲಾ!"

"ನೀನು ಸುಮ್ನಿರು. ಹೆಸರಿನ ಮೇಲೆ ನಿನಗೂ ಕಣ್ಣಿತ್ತು," ಎಂದು ಮೇಡಂ ಅವನನ್ನು ಕೂರಿಸಿದರು. "ಗುರುಪ್ರಕಾಶ್ ಆದ್ರೆ ಹೆಸರು ಅವನ ಕೈಲೇ ಇತ್ತು, ಕದಿಯೋ ಕಷ್ಟ ಯಾಕೆ? ಜೊತೆಗೆ ಅದು ಬಲೆ ಅಂತ ಅವನಿಗೆ ಮೊದಲಿಂದ ಗೊತ್ತು. ಕೋಮಲ ಆರಿಸಿದ್ದು ಚೆನ್ನೈ. ಝಿಪ್ಪಿನೇಮ್ ಒಳ್ಳೇದು ಅಂತ ಈಗಲೂ ನಂಬಿರೋದು ಯಾರು? ಹಬ್ಬದ ದಿನ ಹೊಗಳಿಕೆ ಕೇಳಿ, ಆಮೇಲಿನ ಬೈಗುಳ ಕೇಳದೆ ಇದ್ದವರು."

ಗುರುಪ್ರಕಾಶ್ ಗಡಿಯಾರ ನೋಡುವುದನ್ನು ಬಿಟ್ಟ.

"ಇನ್ನು ಮೊದಲನೇದು. ಅಜ್ಜಿ, ಅವತ್ತು ಒಳಗಿದ್ದೋರು ಯಾರೂ ಹೊಸ್ತಿಲು ದಾಟಲಿಲ್ಲ ಅಂದ್ರಿ. ಹಾಗಾದ್ರೆ ಟೀ ಮಾಡಿದ್ದು ಯಾರು?"

ಚನ್ನಾಜಮ್ಮನ ಬಾಯಲ್ಲಿದ್ದ ಎಲೆಯಡಿಕೆ ನಿಂತಿತು. ಕೋಮಲ ತಲೆ ತಗ್ಗಿಸಿದಳು. ಆಗ ನನಗೆ ಆಕೆಯ ಮೊದಲ ದಿನದ ನೋಟ ನೆನಪಾಯಿತು.

"ಕೋಮಲ ಸುಳ್ಳು ಹೇಳಲಿಲ್ಲ," ಎಂದರು ಮೇಡಂ. "ಉದಯ ಎದುರಿಗಿದ್ದ, ಹೇಳಲಿಲ್ಲ ಅಷ್ಟೆ. ಇವರ ಮನೆ ಒಳಗೆ, ಅಡುಗೆಗೆ, ಪೂಜೆಗೆ ಮುಟ್ಟಿನ ಮೈಲಿಗೆ ಇಲ್ಲ. ಹುಳದ ಮನೆಗೆ ಮಾತ್ರ ಮುಟ್ಟಾದ ಹೆಂಗಸು ಹೋಗಂಗಿಲ್ಲ. ಹಾಗೆ ಹೊರಗೆ ಕೂತವಳನ್ನ ಯಾರೂ ಲೆಕ್ಕಕ್ಕೆ ಹಿಡಿಯಲ್ಲ. ಅವಳು ಮಾಡಿದ ಟೀ ಕುಡೀತಾರೆ, ಅವಳು ಅಲ್ಲಿದ್ಲು ಅನ್ನೋದು ಮರೀತಾರೆ. ಹುಳ ಆಯೋಕೆ ಅಂತಲೇ ಓಡಿಬರೋ ಮಗಳು ಅವತ್ತು ಒಳಗಿದ್ದೋರ ಲೆಕ್ಕದಲ್ಲಿ ಇರಲಿಲ್ಲ. ದಿನವಿಡೀ ಈ ಗೂಡಿನ ಪಕ್ಕ ಕೂತಿದ್ದವರು ಒಬ್ಬರೇ."

ಶಿವರಂಜನಿ ಅಳಲಿಲ್ಲ. ಸಿಟ್ಟಿನಿಂದಲೇ ಬಾಯಿ ತೆರೆದಳು.

"ಹೂಂ, ನಾನೇ. ಬಸ್ಸಿಳಿದು ಬಂದ ಮೇಲೆ ಗೊತ್ತಾಯ್ತು. ಬಾಗಿಲಿಗೆ ಬಂದೋಳನ್ನ, 'ನೀ ಅಲ್ಲೇ ಕೂತ್ಕೋ, ಟೀ ಕಾಯಿಸು,' ಅಂದ್ರು. ಈ ಮನೆ ಹುಳ ಹತ್ತು ವರ್ಸ ನಾನು ಆಯ್ದಿವ್ನಿ. ನೆನ್ನೆ ಮೊನ್ನೆ ಬಂದೋಳು ಒಳಗೆ, ನಾನು ಜಗಲೀಲಿ. ಫೋನ್ ಮಿಣಕ್ ಅಂತು. ನೋಡುದ್ರೆ ಅವ್ವನ ಹೆಸರು. ಅವ್ವನ ಹೆಸರು ಅವ್ವನ ಮಗಳಿಗಲ್ದೆ ಯಾರಿಗೆ? ಹಬ್ಬದ ದಿನ ಎಲ್ರನ್ನೂ ಕೇಳುದ್ರಿ, ಯಾವ ಕಂಪನಿ ಯಾವ ಕಂಪನಿ ಅಂತ. ನನ್ನ ಒಂದು ಮಾತು ಕೇಳುದ್ರಾ?"

"ಅತ್ತಿಗೆ, ನೀವು ಬಾಯಿಬಿಟ್ಟು ಹೇಳಿದ್ರೆ..." ಎಂದಳು ಕೋಮಲ.

"ನೀ ಬಾಯಿಬಿಟ್ಟು ಕೇಳುದ್ಯಾ?"

"ಮೂರು ಮನೆ ಮಗ್ಗ ನಿಲ್ತಿತ್ತಲ್ಲ ಅತ್ತಿಗೆ."

"ಸೀರೆ ಕೆಡ್ಸೋಕಲ್ಲ," ಎಂದಳು ಶಿವರಂಜನಿ, ಮೆಲ್ಲಗೆ. "ಹೆಸರು ನನ್ನ ಹತ್ರ ಇರಲಿ ಅನ್ಸ್ತು. ಅಂಗಡಿನೇ ಮುಚ್ಚೋಗ್ತದೆ ಅಂತ ಗೊತ್ತಿರ್ಲಿಲ್ಲ. ಬಸವಣ್ಣನ ಮ್ಯಾಲೆ ಅಪವಾದ ಬಂದಾಗ ಹೇಳಾಣ ಅಂತ ಇದ್ದೆ. ಬಾಯಿ ಬರ್ನಿಲ್ಲ."

"ಥೂ!" ಎಂದರು ಚನ್ನಾಜಮ್ಮ. ಎಲ್ಲರೂ ಬೆಚ್ಚಿದರು. ಅಜ್ಜಿ ಎದ್ದು ಎಲೆಯಡಿಕೆ ಉಗಿದು ಬಂದು ನಡುವೆ ನಿಂತರು. "ಹೆಸರು ಯಾರ್ದು? ನಂದು. ಆ ಪ್ರಕಾಸನ ಕೊಟ್ಟಿಗೇಲಿ ಕಟ್ಟುದ್ರಿ, ನನ್ನ ಕೇಳ್ನಿಲ್ಲ. ಬಿಚ್ಚಾಕೆ ಪಂಚಾಯ್ತಿ ಮಾಡುದ್ರಿ, ನನ್ನ ಕೇಳ್ನಿಲ್ಲ. ಕದ್ದೋಳೂ ಕೇಳ್ನಿಲ್ಲ! ನಾನಿನ್ನೂ ಬದುಕಿವ್ನಿ ಕಣ್ರವ್ವ. ನನ್ನ ಹೆಸರು ನನ್ನ ಖಾತೇಲಿ ಇರಲಿ. ಆ ಕೋಡಿನ ನಂಬರು ನನ್ನ ಪೋನಿಗೆ ಬರಲಿ. ಬೇಕಾದೋರು ಬಂದು ಕೇಳ್ರಿ."

"ಅವ್ವ, ನಿನ್ನದು ಗುಂಡಿ ಫೋನು," ಎಂದ ಗುರುಪಾದಸ್ವಾಮಿ.

"ಗುಂಡಿ ಪೋನಿಗೆ ನಂಬರು ಬರಕಿಲ್ವ? ನೀ ಓಗು, ನೀರು ತಿರುಗ್ಸು."

ಗುರುಪ್ರಕಾಶ್ ಬರುತ್ತದೆಂದು ಒಪ್ಪಿಕೊಂಡ. ಶಿವರಂಜನಿ ಅಲ್ಲೇ ಪಾಸ್‌ವರ್ಡ್ ಹೇಳಿದಳು. ಸಂಜೆಯೊಳಗೆ ಖಾತೆಗೆ ಚನ್ನಾಜಮ್ಮನ ಹೆಸರೂ ಫೋನ್ ನಂಬರೂ ಸೇರಿ, ಕೋಮಲಳ ಸೀರೆಗಳು ಮತ್ತೆ ಕಾಣಿಸಿಕೊಂಡವು. ಚೆನ್ನೈಗೆ ಸಾಗಿಸಲು ಹೋದರೆ ಝಿಪ್ಪಿನೇಮಿನವರು, ಈಗಷ್ಟೇ ಬಂದ ಹೆಸರು, ಎರಡು ತಿಂಗಳು ಕದಲಿಸುವಂತಿಲ್ಲ ಎಂದರು. ಅದನ್ನು ಹೇಳಲೂ ವೀಣೆ ಕೇಳಿಸಿದರು.

ದೀಪಾವಳಿ ಚೆನ್ನಾಗಿಯೇ ಆಯಿತು. ಎರಡು ತಿಂಗಳು ಕಳೆದು, ಹೆಸರು ಚೆನ್ನೈಗೆ ಹೊರಡುವ ದಿನ ಸಾಕ್ಷಿಗೆ ಬರಬೇಕೆಂದು ಅಜ್ಜಿ ನಮಗೆ ಹೇಳಿ ಕಳಿಸಿದರು. ಮತ್ತೆ ಅದೇ ಬಸ್ಸು, ಅದೇ ಬೆಟ್ಟದ ಭಕ್ತರು, ನಿಂತೇ ಹೋದೆವು. ಹೋಗಿ ನೋಡಿದರೆ ಹುಳ ಅವತ್ತೇ ಹಣ್ಣಾಗಿಬಿಟ್ಟಿತ್ತು. ಜಗಲಿ ಖಾಲಿ. ಗೂಡಿನಲ್ಲಿ ಫೋನುಗಳ ಸಾಲು, ನಡುವೆ ಅಜ್ಜಿಯ ಗುಂಡಿ ಫೋನು ಕಿರುಗುಟ್ಟುತ್ತಿತ್ತು.

"ಅಜ್ಜೀ, ನಿಮ್ಮ ನಂಬರು ಬಂದಿದೆ!" ಎಂದು ಕೂಗಿದೆ.

"ಬಂದ್ರೆ ಬರಲಿ. ಹುಳ ಕಾಯಕಿಲ್ಲ," ಎಂದು ಒಳಗಿಂದ ಉತ್ತರ.

ಮೇಡಂ ಕಂಬಕ್ಕೆ ಒರಗಿ ಕೂತು ಹಣೆ ಒತ್ತಿಕೊಂಡರು. "ಇವರ ಹೆಸರು ಇವರೇ ಕಾಯ್ಕೊಳ್ಳಲ್ಲ. ಇಷ್ಟು ದೂರ ಬಂದಿದ್ದೀವಿ, ಒಂದು ಲೋಟ ಟೀ ಆದ್ರೂ ಕೇಳು ಉದಯ."

ಕೇಳಿದೆ.

"ಟೀನಾ?" ಎಂದಿತು ಶಿವರಂಜನಿಯ ದನಿ, ಹೊಸ್ತಿಲಿನ ಆಚೆಯಿಂದ. "ಯಾರವ್ರೆ ಸಾ ಮಾಡೋಕೆ? ಎಲ್ರೂ ಒಳಗವ್ರೆ."